ಮಕ್ಕಳ ಕೈಗೆ ಗೋದಲಿ

ಗೋದಲಿ ಎಂದರೆ ದನದ ಮೇವಿನ ತೊಟ್ಟಿ; ಯೇಸು ಹುಟ್ಟಿದ ದೃಶ್ಯವನ್ನು ಪ್ರತಿಮೆಗಳಿಟ್ಟು ತೋರಿಸಲು ಕ್ರಿಸ್‌ಮಸ್‌ಗೆ ಕಟ್ಟುವುದಕ್ಕೂ ಅದೇ ಹೆಸರು. ಮನೆಯ ಗೋದಲಿಯನ್ನು ಮಕ್ಕಳ ಕೈಗೇ ಬಿಡಬೇಕು. ದೊಡ್ಡವರು ಅಚ್ಚುಕಟ್ಟಾಗಿ ಕಟ್ಟಿ, ಮುಟ್ಟಬೇಡಿ ಎಂದು ಗದರಿದರೆ ಮಕ್ಕಳು ಹಬ್ಬಕ್ಕೆ ನೆಂಟರ ಹಾಗೆ ಬಂದು ಹೋಗುತ್ತಾರೆ. ತಾನೇ ಹುಲ್ಲು ಹಾಸಿದ, ಕುರಿಮರಿಗೆ ಜಾಗ ಹುಡುಕಿದ ಮಗುವಿಗೆ ಬೆತ್ಲೆಹೇಮಿನ ರಾತ್ರಿ ತನ್ನದೆನಿಸುತ್ತದೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿಸಿದ್ದೂ ಪ್ರಭು ಹುಟ್ಟಿದ ಬಡತನವನ್ನು ಜನ ಕಣ್ಣಾರೆ ಕಾಣಲಿ ಎಂದೇ.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಒಂದು ತೊಂದರೆ ಇದೆ. ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಲ್ಲಿ ದಸರೆಗೆ ಸಿಗುವಷ್ಟು ರಜೆ ಕ್ರಿಸ್‌ಮಸ್‌ಗೆ ಸಿಗುವುದಿಲ್ಲ. ಡಿಸೆಂಬರ್ 24ರ ಮಧ್ಯಾಹ್ನ ಎಲ್ಲವನ್ನೂ ಶುರು ಮಾಡಿದರೆ ಸಂಜೆಗೆ ಮನೆಯವರೆಲ್ಲ ಸುಸ್ತು, ಸಿಟ್ಟು, ಕೂಗಾಟ. ಅದಕ್ಕೇ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧವಾಗುವ ದಿನಗಳ, ನಾಲ್ಕು ಭಾನುವಾರಗಳನ್ನು ಬಳಸಿಕೊಳ್ಳಬೇಕು. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಂದು ಹಸಿರೆಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿ (ಮೂರು ನೇರಳೆ, ಮೂರನೇ ವಾರಕ್ಕೆ ಒಂದು ಗುಲಾಬಿ) ಒಂದನ್ನು ಹಚ್ಚಿದರೆ ಸಾಕು. ವಾರಕ್ಕೊಂದು ಬತ್ತಿ ಹೆಚ್ಚುತ್ತಾ ಹೋಗುವುದನ್ನು ನೋಡುತ್ತ ಮಗು ಕಾಯುವುದನ್ನು ಕಲಿಯುತ್ತದೆ. ಈ ಕಾಲದ ಪ್ರಾರ್ಥನೆಯೆಲ್ಲ ಅಷ್ಟರಲ್ಲೇ ಇದೆ.

ಗೋದಲಿಗೆ ಹಸಿರು ಬೇಕೆಂದರೆ ಗೋಧಿ ಬಿತ್ತಿ. ಡಿಸೆಂಬರ್ 13, 14 ಸರಿಯಾದ ದಿನ. ಒಂದು ಅಡಿ ಅಗಲದ ತಟ್ಟೆಗೆ ನೂರು ಗ್ರಾಂ ಗೋಧಿ ಸಾಕು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯ ತುದಿ ಕಾಣುತ್ತದೆ. ತಳದಲ್ಲಿ ತೂತು ಮಾಡಿದ ತಟ್ಟೆಯಲ್ಲಿ ಎರಡು ಅಂಗುಲ ಮಣ್ಣು ಹಾಕಿ, ಕಾಳು ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಎರಡು ದಿನ ಒದ್ದೆ ಬಟ್ಟೆ ಮುಚ್ಚಿಡಬೇಕು. ಆಮೇಲೆ ಬೆಳಕಿಗೆ ಇಟ್ಟು ಕೈಯಿಂದ ನೀರು ಚಿಮುಕಿಸುವುದು ಮಕ್ಕಳ ಕೆಲಸ. ಹಬ್ಬಕ್ಕೆ ನಾಲ್ಕು ಬೆರಳು ಎತ್ತರದ ಹಸಿರು ಸಿದ್ಧ. ಪ್ರೀತಿ ಹೆಚ್ಚಾಗಿ ಮಕ್ಕಳು ಚೊಂಬುಗಟ್ಟಲೆ ನೀರು ಸುರಿದರೆ ನೀರು ನಿಂತು ಬೂಷ್ಟು ಹಿಡಿದು ವಾಸನೆ ಬರುತ್ತದೆ. ಕೋಣೆಯ ಮೂಲೆಯಲ್ಲಿಟ್ಟರೆ ಹಳದಿಯಾಗುತ್ತದೆ. ಡಿಸೆಂಬರ್ ಮೊದಲಲ್ಲೇ ಬಿತ್ತಿದರೆ 24ಕ್ಕೆ ಪೈರು ಉದ್ದವಾಗಿ ಮಗುಚಿ ಬಿದ್ದಿರುತ್ತದೆ. ರಾಗಿ ಬಿತ್ತುವವರು ಮೂರು ದಿನ ಮುಂಚೆ ಬಿತ್ತಲಿ.

ಇನ್ನು ಬೆಟ್ಟ. ಅಂಗಡಿಯಲ್ಲಿ ಸಿಗುವ ಬಂಡೆ ಬಣ್ಣದ ಕಾಗದ ಚೆನ್ನಾಗಿಯೇ ಇದೆ. ಆದರೆ ಚಿತ್ರದುರ್ಗದ ಮಕ್ಕಳಿಗೆ ಬಂಡೆ ಹೇಗಿರುತ್ತದೆಂದು ಕಾಗದ ಹೇಳಿಕೊಡಬೇಕಿಲ್ಲ. ಪ್ರಭು ಹುಟ್ಟಿದ್ದು ಒಂದು ಗುಹೆಯಲ್ಲಿ ಎಂಬ ನಂಬಿಕೆ ಎರಡನೇ ಶತಮಾನದಷ್ಟು ಹಳೆಯದು. ಬೆತ್ಲೆಹೇಮಿನ ದೇವಾಲಯ ಇಂದಿಗೂ ಒಂದು ಗುಹೆಯ ಮೇಲೆಯೇ ನಿಂತಿದೆ. ಚಂದ್ರವಳ್ಳಿಯ ಗುಹೆಯೊಳಗೆ ಕಾಲಿಟ್ಟ ಮಗುವಿಗೆ ಅಲ್ಲಿನ ಕತ್ತಲು, ತಣ್ಣನೆಯ ಕಲ್ಲು ಗೊತ್ತಿರುತ್ತದೆ. ಅಂಥಲ್ಲಿ ಒಬ್ಬ ತಾಯಿ ಹೆತ್ತಳು ಎಂದು ಹೇಳಿದರೆ ಮತ್ತೆ ವಿವರಿಸಬೇಕಾಗಿಲ್ಲ.

ಕುರುಬರ ವಿಷಯದಲ್ಲಂತೂ ನಮ್ಮ ಜಿಲ್ಲೆಗಳ ಮಕ್ಕಳು ಭಾಗ್ಯವಂತರು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ರಾತ್ರಿ ಕಾಯುವ ಕುರಿಗಾಹಿಗಳನ್ನು ಅವರು ಬಸ್ಸಿನ ಕಿಟಕಿಯಿಂದಲೇ ನೋಡಿರುತ್ತಾರೆ. ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಎಂಟನೇ ವಚನ ಹೇಳುವುದೂ ಹೊಲದಲ್ಲಿ ತಂಗಿ ರಾತ್ರಿಯಲ್ಲಿ ಹಿಂಡು ಕಾಯುತ್ತಿದ್ದವರನ್ನೇ. ದೇವದೂತರು ಸುದ್ದಿಯನ್ನು ಮೊದಲು ತಂದದ್ದು ಅಂಥವರಿಗೆ. ಚಳ್ಳಕೆರೆ ಕಂಬಳಿಯ ಹಳೇ ತುಂಡಿದ್ದರೆ ಎರಡಂಗುಲ ಕತ್ತರಿಸಿ ಗೋದಲಿಯ ಕುರುಬನ ಹೆಗಲಿಗೆ ಹೊದಿಸಿ. ಮುಂದಿನ ಸಲ ದಾರಿಯಲ್ಲಿ ಮಂದೆ ಕಂಡಾಗ ಮಗು ಆ ಜನರನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಎತ್ತು, ಕತ್ತೆ ಎಲ್ಲಿಂದ ಬಂದವು ಎಂದು ಮಗು ಕೇಳಿದರೆ ನಿಜವನ್ನೇ ಹೇಳಿ: ಲೂಕನಲ್ಲಿ ಅವು ಇಲ್ಲ, ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು ಎಂಬ ಪ್ರವಾದಿ ಯೆಶಾಯನ ಮಾತಿನಿಂದ ಬಂದವು. ಮಕ್ಕಳಿಗೆ ಸುಳ್ಳು ಹೇಳಿ ಬೆಳೆಸಿದ ಭಕ್ತಿ ಹೈಸ್ಕೂಲಿನ ತನಕ ಬಾಳುವುದಿಲ್ಲ.

ಭತ್ತದ ಹುಲ್ಲು ದಾವಣಗೆರೆ ಸುತ್ತಲಿನ ಭದ್ರಾ ನಾಲೆಯ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಒಣ ಹುಲ್ಲಿನ ಮೂರಡಿ ಸುತ್ತಳತೆಯಲ್ಲಿ ಮೇಣದಬತ್ತಿ ಇಡಬೇಡಿ. ಹಳೇ ಸೀರಿಯಲ್ ಸೆಟ್ಟಿನ ಬಲ್ಬು ಬಿಸಿಯಾಗುತ್ತದೆ, ಹುಲ್ಲಿಗೆ ತಾಗಿಸದೆ ಎಲ್‌ಇಡಿ ಹಾಕಿ. ಮಲಗುವ ಮುಂಚೆ ಸ್ವಿಚ್ಚು ಆರಿಸುವ ಜವಾಬ್ದಾರಿ ಒಬ್ಬ ದೊಡ್ಡವರದ್ದೇ ಇರಲಿ.

ನಾಲ್ಕನೇ ವಾರ ಕರ್ಜಿಕಾಯಿ. ಅರ್ಧ ಕೆಜಿ ಮೈದಾಕ್ಕೆ ಒಣಕೊಬ್ಬರಿ, ಹುರಿಗಡಲೆ ಹಿಟ್ಟು, ಸಕ್ಕರೆಪುಡಿ ತಲಾ ಕಾಲು ಕೆಜಿ, ಏಲಕ್ಕಿ. ನಲವತ್ತರ ಆಸುಪಾಸು ಆಗುತ್ತವೆ. ಹೂರಣ ತುಂಬಿ ಅಚ್ಚಿನಲ್ಲಿ ಒತ್ತುವುದು ಮಕ್ಕಳಿಗೆ, ಎಣ್ಣೆಯ ಹತ್ತಿರ ಅತ್ತೆಯರು ಮಾತ್ರ. ಅಂಚಿಗೆ ಹಾಲು ಸವರದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಮೊದಲ ತಟ್ಟೆ ಪಕ್ಕದ ಮನೆಗೆ, ಮಕ್ಕಳೇ ಒಯ್ಯಲಿ.

24ರ ಸಂಜೆಯ ಪ್ರಾರ್ಥನೆ ಇಪ್ಪತ್ತು ನಿಮಿಷ ಮೀರಬಾರದು. ಅಲ್ಲಿಯವರೆಗೆ ಬಾಲಯೇಸುವಿನ ಪ್ರತಿಮೆ ಬೀರುವಿನಲ್ಲೇ ಇರಲಿ, ಗೋದಲಿಯಲ್ಲಿ ಅದರ ಜಾಗ ಖಾಲಿ ಇರಲಿ. ಏಳೂವರೆಗೆ ದೀಪ ಆರಿಸಿ, ಒಂದೇ ಬತ್ತಿ ಹಚ್ಚಿ, ಮನೆಯ ಅತಿ ಕಿರಿಯ ಮಗು ಬಿಳಿ ಬಟ್ಟೆಯಲ್ಲಿ ಪ್ರತಿಮೆಯನ್ನು ಹೊತ್ತು ತಂದು ಮಲಗಿಸಲಿ. ಲೂಕನ ಎರಡನೇ ಅಧ್ಯಾಯದ ಮೊದಲ ಇಪ್ಪತ್ತು ವಚನಗಳನ್ನು ಮೂರು ಜನ ಹಂಚಿಕೊಳ್ಳಬಹುದು: ಏಳರವರೆಗೆ ಒಬ್ಬರು, ಹದಿನಾಲ್ಕರವರೆಗೆ ಇನ್ನೊಬ್ಬರು, ಉಳಿದದ್ದು ಮೂರನೆಯವರು. ಇಂಗ್ಲಿಷ್ ಮೀಡಿಯಂ ಮಕ್ಕಳು ಔಗುಸ್ತ, ಕುರೇನ್ಯ ಎಂಬ ಹೆಸರುಗಳಲ್ಲಿ ತಡವರಿಸುತ್ತಾರೆ. ಎಲ್ಲರೆದುರು ತಿದ್ದಿದರೆ ಮುಂದಿನ ವರ್ಷ ಓದಲು ಒಪ್ಪುವುದಿಲ್ಲ, ಆದ್ದರಿಂದ ವಾರದ ಮೊದಲೇ ಅಜ್ಜಿಯ ಬಳಿ ಕೂತು ಎರಡು ಸಲ ಓದಿಸಿ. ಎಲ್ಲರಿಗೂ ಬರುವ ಒಂದು ಹಾಡು, ಆಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ, ಕೊನೆಗೆ ಹಿರಿಯರು ಪ್ರತಿ ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕಬೇಕು.

ಚರ್ಚಿನ ನಡುರಾತ್ರಿಯ ಬಲಿಪೂಜೆಗೆ ಕರೆದೊಯ್ಯುವ ಮಕ್ಕಳನ್ನು ಮಧ್ಯಾಹ್ನ ಮಲಗಿಸಿ. ತೀರಾ ಚಿಕ್ಕವರಿದ್ದರೆ ಬೆಳಗಿನ ಪೂಜೆಗೆ ಹೋಗಿ, ಅದರಲ್ಲಿ ಕೊರತೆಯೇನೂ ಇಲ್ಲ. ಈ ಹಬ್ಬಕ್ಕೆ ರಾತ್ರಿ, ಮುಂಜಾನೆ, ಹಗಲು ಎಂದು ಮೂರು ಪೂಜೆಗಳಿಗೆ ಬೇರೆ ಬೇರೆ ವಾಚನಗಳನ್ನು ಧರ್ಮಸಭೆಯೇ ಇಟ್ಟಿದೆ. ಹಗಲಿನ ಪೂಜೆಯಲ್ಲಿ ಓದುವುದು ಯೊವಾನ್ನನ ಸುವಾರ್ತೆಯ ಮೊದಲ ಅಧ್ಯಾಯ, ಅದರಲ್ಲಿ ಕುರುಬರಿಲ್ಲ. ಕುರುಬರ ಕಥೆ ಆ ಮಕ್ಕಳಿಗೆ ಮನೆಯ ಓದಿನಲ್ಲೇ ಸಿಕ್ಕಿರಬೇಕು.

ಆ ವರ್ಷ ಸಾವಾದ ಮನೆಯಲ್ಲಿ ಹಬ್ಬ ಬೇಡ ಎನ್ನುವುದು ರೂಢಿ. ಹೊಸಬಟ್ಟೆ, ದೀಪಾಲಂಕಾರ ಬಿಡಿ, ಗೋದಲಿ ಬಿಡಬೇಡಿ. ತೀರಿಹೋದ ಅಜ್ಜನ ಹೆಸರನ್ನು ಪ್ರಾರ್ಥನೆಯಲ್ಲಿ ಮೊಮ್ಮಗು ಹೇಳಲಿ. ದೊಡ್ಡವರು ಬಾಯಿಗೆ ತರಲಾರದ ಹೆಸರನ್ನು ಮಗು ಸಲೀಸಾಗಿ ಹೇಳಿಬಿಡುತ್ತದೆ, ಆಗ ಅಳು ಬಂದರೆ ಬರಲಿ. ಅಜ್ಜ ಎಲ್ಲಿದ್ದಾರೆ ಎಂದು ಕೇಳಿದರೆ ‘ಊರಿಗೆ ಹೋಗಿದ್ದಾರೆ’ ಎನ್ನಬೇಡಿ, ಮಗು ದಾರಿ ಕಾಯುತ್ತದೆ. ಸತ್ತಿದ್ದಾರೆ, ದೇವರ ಕೈಯಲ್ಲಿದ್ದಾರೆ, ಬಾಲಯೇಸು ಹುಟ್ಟಿದ್ದೇ ನಮ್ಮನ್ನೂ ಅವರನ್ನೂ ಮತ್ತೆ ಸೇರಿಸಲು ಎಂದು ಹೇಳಿ. ನಮ್ಮ ವಿಶ್ವಾಸ ಅದೇ ಅಲ್ಲವೇ?

ಒಂಟಿಯಾದ ಅಜ್ಜಿಗೆ ಲೂಕನ ಅದೇ ಎರಡನೇ ಅಧ್ಯಾಯದಲ್ಲಿ ಗೆಳತಿಯೊಬ್ಬಳಿದ್ದಾಳೆ. ಏಳು ವರ್ಷ ಗಂಡನೊಡನೆ ಬಾಳಿ, ವಿಧವೆಯಾಗಿ ಮುಪ್ಪಿನವರೆಗೂ ದೇವಾಲಯ ಬಿಡದ ಅನ್ನಳು ಬಾಲಯೇಸುವನ್ನು ಗುರುತಿಸಿದವರಲ್ಲಿ ಒಬ್ಬಳು. 36ರಿಂದ 38ನೇ ವಚನ, ಮೂರೇ ಮೂರು. ಹಬ್ಬದ ಮಾರನೇ ದಿನ ಅಜ್ಜಿಯೇ ಮಕ್ಕಳಿಗೆ ಓದಿ ಹೇಳಲಿ. ಮಗುವನ್ನು ಕಳೆದುಕೊಂಡ ತಾಯಿಯಿರುವ ಮನೆಯಲ್ಲಿ ಡಿಸೆಂಬರ್ 28, ಅರಸ ಹೆರೋದನು ಕೊಲ್ಲಿಸಿದ ಹಸುಳೆಗಳನ್ನು ನೆನೆಯುವ ದಿನ, ಮರೆಯಬಾರದು. ಮತ್ತಾಯನು ತನ್ನ ಸುವಾರ್ತೆಯಲ್ಲಿ, ಮಕ್ಕಳನ್ನು ಕಳೆದುಕೊಂಡು ಸಮಾಧಾನ ಬೇಡವೆಂದು ಅಳುವ ರಾಹೇಲಳನ್ನು ನೆನೆಯುತ್ತಾನೆ. ಕ್ರಿಸ್‌ಮಸ್ ಕಥೆ ಆ ತಾಯಿಯ ಕಣ್ಣೀರನ್ನು ಹೊರಗಿಟ್ಟಿಲ್ಲ. ಅಂದು ಆಕೆಯ ಜೊತೆ ಒಂದು ಬತ್ತಿ ಹಚ್ಚಿ ಸುಮ್ಮನೆ ಕೂರಿ, ಬುದ್ಧಿ ಹೇಳಬೇಡಿ. ಚಿಕ್ಕ ಮಕ್ಕಳಿಗೆ ಆ ದಿನದ ಕೊಲೆಯ ವಿವರ ಬೇಡ, ಬಾಲಯೇಸುವಿನ ಮನೆಯವರು ರಾತ್ರೋರಾತ್ರಿ ಐಗುಪ್ತಕ್ಕೆ ಓಡಿಹೋಗಬೇಕಾಯಿತು ಎಂದರೆ ಸಾಕು.

ದಾವಣಗೆರೆಯವರು ಈ ದಿನಗಳಲ್ಲೊಮ್ಮೆ ಹತ್ತಿರದ ಹರಿಹರಕ್ಕೆ, ಆರೋಗ್ಯಮಾತೆಯ ಬಸಿಲಿಕಕ್ಕೆ, ಮಕ್ಕಳನ್ನು ಕರೆದೊಯ್ಯಬಹುದು. ಸೆಪ್ಟೆಂಬರ್ 8ರ ಜಾತ್ರೆಯ ನೂಕುನುಗ್ಗಲಿಲ್ಲದೆ ಅಲ್ಲಿ ಕೂರಲು ಇದು ಒಳ್ಳೆಯ ಸಮಯ.

ಬಾಲಯೇಸುವನ್ನು ಕಾಣಲು ದೂರದಿಂದ ಬಂದ ಮೂರು ರಾಯರ ಪ್ರತಿಮೆಗಳನ್ನು ಮೊದಲ ದಿನವೇ ಗೋದಲಿಯೊಳಗೆ ನಿಲ್ಲಿಸಬೇಡಿ. ಕೋಣೆಯ ಆ ತುದಿಯಲ್ಲಿಟ್ಟು ದಿನಕ್ಕೊಂದು ಗೇಣು ಮುಂದೆ ಸರಿಸಿ, ಜನವರಿ ಆರಕ್ಕೆ ತಲುಪಿಸಿ. ಬೆಂಗಳೂರಿನ ಮೊಮ್ಮಕ್ಕಳು ಅಷ್ಟರಲ್ಲಿ ಹೊರಟಿರುತ್ತಾರೆ, ಅಜ್ಜಿ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತ ಸರಿಸಲಿ. ಹಬ್ಬ ಮುಗಿದ ಮೇಲೆ ಪ್ರತಿಮೆಗಳನ್ನು ಒಂದೊಂದಾಗಿ ಪತ್ರಿಕೆಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಯಾವ ಮಗು ಯಾವುದನ್ನು ಇಟ್ಟಿತೆಂದು ಬರೆದಿಡಿ. ಗೋಧಿ ಪೈರನ್ನು ಬೀದಿಯ ಹಸುವಿಗೆ ಹಾಕಿ.