ಅಂಟಿಲ್ಲ, ಮೊಳೆ ಇಲ್ಲ, ಬರೀ ಸ್ಟೀಲ್ ಪಟ್ಟಿ

ಜನವರಿ 12, 2025, ಭಾನುವಾರ
ಬೋಗಾದಿ, ಮೈಸೂರು

ಇವತ್ತು ಸಂಜೆ ಕೊನೇ ಹಲಗೆ ಕೂತ್ಕೊಳ್ತು. ಹಿತ್ತಲಲ್ಲಿ ಸೀಬೆ ಮರದ ಪಕ್ಕ ಏಳಡಿ ಎತ್ತರದ ಮರದ ಪೀಪಾಯಿ ಅಡ್ಡ ಮಲಗಿದೆ. ಒಳಗೆ ಇನ್ನೂ ಬೆಂಚಿಲ್ಲ, ಒಲೆ ಇಲ್ಲ, ಆದ್ರೂ ಬೀದಿಲಿ ಹೋಗೋರೆಲ್ಲ ಗೇಟ್ ಹತ್ರ ನಿಂತು ಇದೇನ್ ಸಾರ್ ನೀರಿನ ಟ್ಯಾಂಕಾ ಅಂತ ಕೇಳಿ ಹೋದ್ರು. ಸೌನಾ, ಒಳಗೆ ಕೂತು ಬೆವರೋದಕ್ಕೆ ಅಂದೆ. ಅತ್ತಿಗೆಯಂತೂ ಬೆಳಗ್ಗೆಯಿಂದ ಒಂದೇ ಪ್ರಶ್ನೆ, ನಮ್ಮೂರಲ್ಲಿ ಬೆವರೋಕೆ ಅಂತ ಬೇರೆ ಮನೆ ಕಟ್ಬೇಕಾ ಅಂತ.

ಬೇಕು ಅತ್ತಿಗೆ. ಫಿನ್ಲೆಂಡಿನ ತಾಂಪೆರೆ ಊರಲ್ಲಿ ಕೆಲಸದಲ್ಲಿದ್ದಾಗ ರಾಯಪೊರ್ತ್ತಿ ಅನ್ನೋ ಸೌನಾಗೆ ಹೋಗ್ತಿದ್ದೆ, 1906ರಲ್ಲಿ ಶುರುವಾಗಿದ್ದು, ಆ ದೇಶದಲ್ಲಿ ಈಗ್ಲೂ ನಡೀತಿರೋ ಸಾರ್ವಜನಿಕ ಸೌನಾಗಳಲ್ಲಿ ಅದೇ ಹಳೇದು. ಇಡೀ ಫಿನ್ಲೆಂಡಲ್ಲಿ ಸುಮಾರು 55 ಲಕ್ಷ ಜನ, ಸೌನಾಗಳೇ 30 ಲಕ್ಷದ ಹತ್ರ ಇವೆ ಅಂತಾರೆ, 2020ರಲ್ಲಿ ಯುನೆಸ್ಕೋದವ್ರೂ ಅಲ್ಲಿನ ಸೌನಾ ಸಂಸ್ಕೃತಿನ ಪರಂಪರೆ ಪಟ್ಟಿಗೆ ಸೇರಿಸಿದ್ರು. ಚಳಿಗೆ ಮಾತ್ರ ಅಲ್ಲ, ನಡು ಬೇಸಿಗೆಲೂ ಕಾಯಿಸ್ತಾರೆ. 80 ಡಿಗ್ರಿಲಿ ಹತ್ತು ಹದಿನೈದು ನಿಮಿಷ ಕೂತು ಆಚೆ ಬಂದ್ರೆ ನಮ್ಮ ಮೈಸೂರಿನ 28 ಡಿಗ್ರಿ ಗಾಳಿನೂ ಮೈಗೆ ತಂಪಾಗಿ ತಗಲತ್ತೆ. ಆ ಗಾಳಿ ನಮ್ಮ ಹಿತ್ತಲಲ್ಲೇ ಸಿಗ್ಬೇಕು ಅಂತ ಆಸೆ ಇತ್ತು, ಅಷ್ಟೇ.

ರೆಡಿಮೇಡ್ ಕಿಟ್ ತರಿಸಬಹುದಿತ್ತು, ಆದ್ರೆ ನಂಗೆ ಇಲ್ಲಿಯವರ ಕೈಲೇ ಆಗ್ಬೇಕಿತ್ತು. ಪಾಂಡವಪುರ ಕಡೆಯ ಒಬ್ರು ಆಚಾರ್ರು ಸಿಕ್ಕಿದ್ರು, ಅರವತ್ತು ದಾಟಿದ ವಯಸ್ಸು. ಟಿಂಬರ್ ಯಾರ್ಡಲ್ಲಿ ಚೆನ್ನಾಗಿ ಒಣಗಿದ ಪೈನ್ ತಗೊಂಡು ಒಂದೂವರೆ ಇಂಚು ದಪ್ಪದ ಸುಮಾರು 70 ಹಲಗೆ ಮಾಡಿ, ಪ್ರತಿಯೊಂದಕ್ಕೂ ಒಂದು ಅಂಚು ಉಬ್ಬು ಇನ್ನೊಂದು ಅಂಚು ತಗ್ಗು ಬರೋ ಹಾಗೆ ಮರ ಕೊರೆಯೋ ರೌಟರ್ ಮೆಷಿನ್ ಓಡ್ಸಿದ್ವಿ, ಒಂದರ ಉಬ್ಬು ಪಕ್ಕದ್ದರ ತಗ್ಗಲ್ಲಿ ಕೂತ್ಕೊಂಡು ತಿರುಗ್ತಾ ತಿರುಗ್ತಾ ಹಾಗೇ ದುಂಡಗೆ ಆಗತ್ತೆ. ಎಲ್ಲಾ ಸರಿ, ಅಂಟು ಹಾಕ್ಬಾರ್ದು, ಮೊಳೆ ಸ್ಕ್ರೂ ಏನೂ ಬೇಡ ಅಂದಾಗ ಅವ್ರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ್ರು.

"ಅಂಟಿಲ್ದೆ ಹೆಂಗ್ ನಿಲ್ತದೆ ಸಾ?"

ನಾನು ವಿವರಿಸಿದೆ. ಮರ ಸುಮ್ನಿರಲ್ಲ, ಒಳಗೆ ಬೆಂಕಿ ಹಾಕಿದಾಗ ಒಣಗಿ ಕುಗ್ಗತ್ತೆ, ಒಲೆ ಮೇಲೆ ಕಾದ ಕಲ್ಲಿಗೆ ನೀರು ಹಾಕಿದಾಗ ಹಬೆ ಕುಡಿದು ಉಬ್ಬತ್ತೆ, ಹೊರಗಡೆ ಅಕ್ಟೋಬರ್ ಮಳೆ ಬೇರೆ, ಮಾರ್ಚ್ ಒಣಹವೆ ಬೇರೆ. ಅಂಟು ಹಾಕಿ ಕಟ್ಟಿಹಾಕಿದ್ರೆ ಎಲ್ಲೋ ಒಂದು ಕಡೆ ಸೀಳ್ಕೊಳ್ಳತ್ತೆ. ಬಿಟ್ಟುಬಿಡ್ಬೇಕು, ಓಡಾಡ್ಲಿ, ಸುತ್ತ ಸ್ಟೀಲ್ ಪಟ್ಟಿ ಮಾತ್ರ ಹಿಡ್ಕೊಂಡಿರ್ಬೇಕು. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, "ಅಂಗನ್ನಿ ಮತ್ತೆ, ಗಾಡಿ ಚಕ್ರುಕ್ಕೆ ನಾವ್ ಯಾವ್ ಅಂಟು ಹಾಕ್ತಿದ್ವಿ ಸಾ, ಪಟ್ಟಿ ಕಾಯ್ಸಿ ಏರ್ಸಿ ನೀರ್ ಉಯ್ದ್ರೆ ಅದೇ ಬಿಗ್ಕೊಳದು" ಅಂದ್ರು. ಅವರಪ್ಪನ ಕಾಲದಲ್ಲಿ ಎತ್ತಿನ ಗಾಡಿ ಚಕ್ರ ಮಾಡ್ತಿದ್ರಂತೆ. ಅಲ್ಲಿಂದ ನಾನೇನೂ ಹೇಳ್ಬೇಕಾಗ್ಲಿಲ್ಲ, ಅವ್ರೇ ನಂಗೆ ಹೇಳಿಕೊಡೋಕೆ ಶುರು ಮಾಡಿದ್ರು.

ಗೆದ್ದಲು ನಮ್ಮ ಏರಿಯಾದಲ್ಲಿ ಕಾಟ, ಹಾಗಾಗಿ ನೆಲಕ್ಕೆ ಜಲ್ಲಿ ಹಾಕಿ ಅದರ ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಹೊನ್ನೆ ಮರದ ಎರಡು ಬಾಗಿದ ಆಸರೆ, ಅದರಲ್ಲಿ ಪೀಪಾಯಿ. ಕೆಳಗಿನ ಅರ್ಧ ಮೊದಲು ಜೋಡ್ಸಿ, ಹಲಗೆಗಳಲ್ಲಿ ಕೊರೆದಿದ್ದ ಕಚ್ಚಿಗೆ ಮುಂದಿನ ಗೋಡೆ ಹಿಂದಿನ ಗೋಡೆ ಎರಡನ್ನೂ ಇಳಿಸಿ, ಆಮೇಲೆ ಎರಡೂ ಪಕ್ಕದಿಂದ ಮೇಲೆ ಹತ್ತಿಸ್ಕೊಂಡು ಬಂದ್ವಿ. ಕೊನೇ ಹಲಗೆಗೆ ಉಳಿದ ಜಾಗ ಒಂದು ತುದಿಲಿ ಜಾಸ್ತಿ ಒಂದು ತುದಿಲಿ ಕಮ್ಮಿ. ಆಚಾರ್ರು ಮರ ಹೆರೆಯೋ ತೋಪ್ಡ ಹೊಡೀತಾರೆ, ಇಟ್ಟು ನೋಡ್ತಾರೆ, ತೆಗೀತಾರೆ, ಬೆರಳಿಂದ ಅಂಚು ಸವರ್ತಾರೆ, ಮತ್ತೆ ಹೊಡೀತಾರೆ. ಕಡೆಗೆ ಕೊಡತಿಲಿ ಮೆಲ್ಲಗೆ ತಟ್ಟಿ ಕೂರ್ಸಿದ್ರು.

ಪಟ್ಟಿ ಬಿಗಿಯುವಾಗ ನಾನು ಒಳಗೇ ನಿಂತಿದ್ದೆ. ಬಾಗಿಲಿಗೆ ಬಿಟ್ಟ ಜಾಗಕ್ಕೆ ಟಾರ್ಪಾಲ್ ಕಟ್ಟಿದ್ರಿಂದ ಒಳಗೆ ಕತ್ತಲೆ, ಹಲಗೆ ಸಂದುಗಳಿಂದ ಸಂಜೆ ಬಿಸಿಲು ಗೆರೆ ಗೆರೆಯಾಗಿ ಬರ್ತಿತ್ತು. ಹೊರಗೆ ಆಚಾರ್ರೂ ಅವರ ಹುಡುಗನೂ ಆ ಕಡೆ ಈ ಕಡೆ ಬೋಲ್ಟನ್ನ ಕಾಲು ಕಾಲು ಸುತ್ತು ತಿರುಗಿಸ್ತಾ ಇದ್ರೆ ಮರ ಕಿರ್ ಅಂತ ಸದ್ದು ಮಾಡ್ಕೊಂಡು ಒತ್ಕೊಳ್ತಿತ್ತು, ಆ ಗೆರೆಗಳು ಸಣ್ಣಗಾಗಿ ಒಂದೊಂದೇ ಮಾಯ ಆದ್ವು. ನಂಗೆ ಮೈ ಜುಮ್ಮಂತು. ತಲೆ ಮೇಲೆ ಒಂದೆರಡು ಕಡೆ ಮಾತ್ರ ಕೂದಲೆಳೆಯಷ್ಟು ಬೆಳಕು ಉಳೀತು, ಇರ್ಲಿ ಬಿಡಿ ಸಾ ಹಬೆ ಕುಡಿದ್ರೆ ಮುಚ್ಕೋತದೆ ಅಂದ್ರು. ಒಳಗೆ ವಾರ್ನಿಶ್ ಪೇಂಟ್ ಯಾವ್ದೂ ಹೊಡ್ಸಲ್ಲ, ಆ ಬಿಸಿಗೆ ಅದರ ವಾಸನೆನೇ ಕುಡೀಬೇಕಾಗತ್ತೆ, ಮರಕ್ಕೂ ಉಸಿರು ಕಟ್ಟತ್ತೆ.

ಬೆಂಚಿನ ವಿಷಯ ನಾನು ತುಂಬಾ ತಲೆ ಕೆಡಿಸ್ಕೊಂಡಿದ್ದು. ಪೀಪಾಯಿ ಸೌನಾದಲ್ಲಿ ಸಾಮಾನ್ಯವಾಗಿ ಬೆಂಚು ತಗ್ಗಲ್ಲಿರತ್ತೆ, ತಲೆ ಸುಡ್ತಿರತ್ತೆ ಪಾದ ತಣ್ಣಗಿರತ್ತೆ, ಬಿಸಿ ಗಾಳಿ ಮೇಲೇ ಇರೋದಲ್ವಾ. ಫಿನ್ಲೆಂಡಲ್ಲಿ ಹಳಬರು ಹೇಳೋದು ಕೂತವರ ಪಾದ ಒಲೆಯ ಕಲ್ಲಿಗಿಂತ ಮೇಲಿರ್ಬೇಕು ಅಂತ. ದುಂಡನೆ ಜಾಗದಲ್ಲಿ ಅಷ್ಟು ಎತ್ತರ ಕಷ್ಟ, ಅದಕ್ಕೇ ಆರಡಿ ಬದಲು ಏಳಡಿ ಮಾಡಿಸಿ, ಒಲೆ ಗಿಡ್ಡ ಮಾಡಿಸಿ, ಬೆಂಚಿನ ಮುಂದೆ ಕಾಲಿಡೋಕೆ ಒಂದು ಮೆಟ್ಟಿಲು ಇಡಿಸ್ತೀನಿ. ಗಂಟಿಲ್ಲದ ಹಲಗೆ ಎಲ್ಲಾ ಬೆಂಚಿಗೇ ಎತ್ತಿಟ್ಟಿದೀವಿ, ಪೈನಿನ ಗಂಟು ಬಿಸಿ ಆದ್ರೆ ರಾಳ ಬಿಡತ್ತೆ, ಬರೀ ತೊಡೆಗೆ ತಾಗಿದ್ರೆ ಗುಳ್ಳೆ ಏಳತ್ತೆ.

ಕಲ್ಲಿಗೆ ನಮ್ಮ ಭಾವ ಶ್ರೀರಂಗಪಟ್ಟಣದ ಹೊಳೆ ಕಲ್ಲು ತಂದುಕೊಡ್ತೀನಿ ನುಣ್ಣಗಿರತ್ತೆ ಅಂದ್ರು. ಬೇಡ ಭಾವ ಅಂದೆ, ನೀರಲ್ಲಿದ್ದ ಕಲ್ಲಿನೊಳಗೆ ತೇವ ಸೇರ್ಕೊಂಡಿರತ್ತೆ, ಕಾದಾಗ ಅದು ಹಬೆಯಾಗಿ ಕಲ್ಲನ್ನೇ ಸಿಡಿಸಿಬಿಡಬಹುದು, ಎದುರಿಗೆ ಜನ ಕೂತಿರ್ತಾರೆ. ಫಿನ್ಲೆಂಡಲ್ಲಿ ಹಾಕೋದು ಆಲಿವೀನ್ ಅನ್ನೋ ಖನಿಜ ಇರೋ ಭಾರದ ಕಲ್ಲು. ಆ ಜಾತಿಯ ಡೂನೈಟ್ ಕಲ್ಲು ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ ಅನ್ನೋದು ನಂಗೆ ತುಂಬಾ ಖುಷಿ ಕೊಟ್ಟ ಸಂಗತಿ, ಬಿರುಕಿಲ್ಲದ್ದು ಆರಿಸಿ ತೊಳೆದು ಒಣಗಿಸಿ, ದೊಡ್ಡದು ಕೆಳಗೆ ಸಣ್ಣದು ಮೇಲೆ, ಮಧ್ಯೆ ಗಾಳಿ ಆಡೋ ಹಾಗೆ ಪೇರಿಸ್ಬೇಕು.

ಒಲೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಾಡ್ಸಿದ್ದು, ಚಿಮಣಿಗೆ ಸತು ಲೇಪಿಸಿದ ಜಿಐ ಪೈಪ್ ಬೇಡ ಅಂತ ಪಟ್ಟು ಹಿಡಿದೆ, ಜಾಸ್ತಿ ಕಾದ್ರೆ ಅದರ ಸತುವಿನ ಹೊಗೆ ಮೈಗೆ ಒಳ್ಳೇದಲ್ಲ, ಸ್ಟೇನ್‌ಲೆಸ್ಸೇ ಹಾಕ್ಸಿದ್ದು. ಮಧ್ಯಾಹ್ನ ಅಂಗಳದಲ್ಲೇ ಖಾಲಿ ಒಲೆಗೆ ಸರ್ವೆ ಸೌದೆ ಹಾಕಿ ಉರಿಸಿ, ಎಣ್ಣೆ ಪೇಂಟು ವಾಸನೆ ಎಲ್ಲಾ ಬಿಡ್ಸಿದೀವಿ. ಬಾಗಿಲು ಹೊರಗಡೆಗೇ ತೆಗೆಯೋ ಹಾಗೆ ಇಡಿಸ್ತೀನಿ, ಚಿಲಕ ಇರಲ್ಲ, ಒಳಗಿದ್ದವರಿಗೆ ತಲೆ ತಿರುಗಿದ್ರೂ ತಳ್ಳಿದ್ರೆ ಸಾಕು. ಒಲೆ ಕೆಳಗೆ ಒಂದು ಕಿಂಡಿ, ಎದುರು ಗೋಡೆಲಿ ಒಂದು ಕಿಂಡಿ, ಇವೆರಡನ್ನ ಯಾರೂ ಮುಚ್ಚಬಾರ್ದು.

ಅಮ್ಮನಿಗೆ ಬಿಪಿ ಮಾತ್ರೆ ನಡೀತಿದೆ. ನಾನೂ ಕೂತ್ಕೋತೀನಿ ಕಣೋ ಅಂತಿದಾರೆ. ಡಾಕ್ಟರ್ ಹೂಂ ಅಂದ್ಮೇಲೇ ಅಮ್ಮ, ಅದೂ ಕೆಳಗಿನ ಮೆಟ್ಟಿಲಲ್ಲಿ, ಐದೇ ನಿಮಿಷ ಅಂತ ಹೇಳಿದೀನಿ, ಕೆಳಗೆ ಬಿಸಿ ಕಮ್ಮಿ ಇರತ್ತೆ.

ಆಚಾರ್ರು ನಾಳೆ ಊರಿಗೆ ಹೊರಡ್ತಾರೆ, ನಾಡಿದ್ದು ಸಂಕ್ರಾಂತಿ, ದನ ಕಿಚ್ಚು ಹಾಯಿಸ್ಬೇಕು ಅವರಿಗೆ. ವಾಪಸ್ ಬಂದ್ಮೇಲೆ ಬೆಂಚು, ಬಾಗಿಲು, ಮಳೆಗೆ ಮೇಲೊಂದು ಶೀಟು. ಮೊದಲ ಸಲ ಕಾಯಿಸಿ ಆರಿದ ಮೇಲೆ ಪಟ್ಟಿ ಸಡಿಲ ಆಗಿರತ್ತೆ, ಆಗ ಇನ್ನೊಂದು ಸಲ ಬಿಗೀಬೇಕು, ಮಳೆಗಾಲಕ್ಕೆ ಮುಂಚೆ ಸ್ವಲ್ಪ ಸಡಿಲ ಬಿಡ್ಬೇಕು. ಸ್ಪ್ಯಾನರ್ ಇಲ್ಲೇ ಬಿಟ್ಟು ಹೋಗ್ತಾರೆ.