ಬೈಂದೂರಿನ ಎಂಪಿ ಯಾರು?

ಮಳೆಗೆ ರಜೆ. ಮಕ್ಕಳೆಲ್ಲ ಮೊಬೈಲ್ ಹಿಡಿದು ಕೂತಿದ್ದಾರೆ.
ಬೈಂದೂರಿನ ಹುಡುಗಿಯೊಬ್ಬಳು ಇವತ್ತು ಹೋಮ್‌ವರ್ಕಿನಲ್ಲಿ 'ನಮ್ಮ ಎಂಪಿ' ಅಂತ ಉಡುಪಿ-ಚಿಕ್ಕಮಗಳೂರು ಸಂಸದರ ಹೆಸರು ಬರೆದಿದ್ದಳು.

ಜಿಲ್ಲೆ ಉಡುಪಿಯೇ, ಸರಿ. ಆದರೆ ಬೈಂದೂರು ವಿಧಾನಸಭಾ ಕ್ಷೇತ್ರ ಸೇರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ!

ಜಿಲ್ಲೆ ಬೇರೆ, ಕ್ಷೇತ್ರ ಬೇರೆ. ಮಕ್ಕಳು ಎಡವುವುದು ಇಲ್ಲೇ. ಗೂಗಲ್‌ಗೆ ಹೋಗುವ ಮೊದಲು ಅಮ್ಮನ ವೋಟರ್ ಐಡಿ ತಿರುಗಿಸಿ ನೋಡಲಿ, ವಿಧಾನಸಭಾ ಕ್ಷೇತ್ರದ ಹೆಸರು ಅಲ್ಲಿರುತ್ತದೆ. ನಮ್ಮ ರಾಜ್ಯದಲ್ಲಿ ಅಂಥ ಎಂಟು ಸೇರಿದರೆ ಒಂದು ಲೋಕಸಭಾ ಕ್ಷೇತ್ರ. 224 ಭಾಗಿಸು 8, 28. ಲೆಕ್ಕ ಅವರೇ ಮಾಡಲಿ, ಖುಷಿಪಡುತ್ತಾರೆ.

ಆಮೇಲೆ ಸಂಸತ್ತಿನ ವೆಬ್‌ಸೈಟು, ಸಂಸದ್ ಡಾಟ್ ಇನ್. ಎಂಪಿಗಳು ಮಂತ್ರಿಗಳಿಗೆ ಕೇಳುವ ಪ್ರಶ್ನೆಗಳೂ ಉತ್ತರಗಳೂ ಅಲ್ಲಿ ಸಿಗುತ್ತವೆ. ಲೋಕಸಭೆಯ ಪ್ರಶ್ನೆಗಳ ವಿಭಾಗ ತೆರೆದು ಮೀನುಗಾರಿಕೆಯ ಸಚಿವಾಲಯ ಹುಡುಕಿ. ಮಲ್ಪೆಯ ಬೋಟು ನೋಡಿ ಬೆಳೆದ ಮಕ್ಕಳಿಗೆ ಅದು ಬೇಗ ಹತ್ತುತ್ತದೆ. ಒಂದೇ ಒಂದು ಪಿಡಿಎಫ್ ಸಾಕು. ಪ್ರಶ್ನೆ ಸಂಖ್ಯೆಯ ಪಕ್ಕ ಪುಟ್ಟ ನಕ್ಷತ್ರ ಇದೆಯಾ? ಇದ್ದರೆ ಅದು ಮಂತ್ರಿಗಳು ಸದನದಲ್ಲೇ ಎದ್ದು ಉತ್ತರಿಸಬೇಕಾದ ಪ್ರಶ್ನೆ, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ದಿನಕ್ಕೆ 20 ಮಾತ್ರ. ಬೆಳಿಗ್ಗೆ 11ರಿಂದ 12 ಗಂಟೆಯೊಳಗೆ ಸರದಿ ಬಾರದವಕ್ಕೆ ಲಿಖಿತ ಉತ್ತರವೇ ಗತಿ. ನಕ್ಷತ್ರ ಇಲ್ಲದ್ದು ಮೊದಲಿಂದಲೂ ಲಿಖಿತ.

ಉತ್ತರ ಇಂಗ್ಲಿಷಲ್ಲೋ ಹಿಂದಿಯಲ್ಲೋ ಇರುತ್ತದೆ, ಭಾಷೆಯೂ ಬಿಗಿ. ದಯವಿಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿ.