ಐಸ್ ಗಾಡಿಯ ಮೊಮ್ಮಗ

ಬೆಳಿಗ್ಗೆ ಕಬ್ಬಿನ ಹಾಲಿನ ಅಂಗಡಿ ಮುಂದೆ ಐಸ್ ಗಾಡಿ ನಿಂತಿತ್ತು. ಗೋಣಿಚೀಲ ಸರಿಸಿ ದೊಡ್ಡ ದೊಡ್ಡ ಗಡ್ಡೆ ಇಳಿಸುತ್ತಿದ್ದರು. ನನಗೆ ತಕ್ಷಣ ನೆನಪಾಗಿದ್ದು ಯಾರು ಹೇಳಿ?

ಕ್ಯಾಪ್ಟನ್ ಕೋಲ್ಡ್!

ಫ್ಲ್ಯಾಶ್ ಕಾಮಿಕ್ಸಿನ ವಿಲನ್. 1957ರಲ್ಲಿ ಬಂದವನು. ಬ್ಯಾಟ್‌ಮ್ಯಾನ್ ಕಥೆಯ ವಿಲನ್ ಜೋಕರ್ ಗೊತ್ತಿರುವ ಎಷ್ಟೋ ಜನಕ್ಕೆ ಇವನು ಗೊತ್ತಿಲ್ಲ, ಪಾಪ. ಅಸಲಿ ಹೆಸರು ಲೆನ್ ಸ್ನಾರ್ಟ್. ಅಪ್ಪ ಹೊಡೆಯುವವನು. ತಾತ ಐಸ್ ಗಾಡಿ ಓಡಿಸುತ್ತಿದ್ದ. ಆ ತಾತನ ಹತ್ತಿರ ಇದ್ದಾಗಷ್ಟೇ ಹುಡುಗನಿಗೆ ನೆಮ್ಮದಿ.

ದೊಡ್ಡವನಾದ ಮೇಲೂ ಮೈಯಲ್ಲಿ ಯಾವ ಶಕ್ತಿಯೂ ಇಲ್ಲ. ಎದುರಿಗಿದ್ದದ್ದನ್ನು ಹೆಪ್ಪುಗಟ್ಟಿಸುವ ಒಂದು ಕೋಲ್ಡ್ ಗನ್, ತುಪ್ಪಳದ ಅಂಚಿನ ನೀಲಿ ಕೋಟು, ಸೀಳು ಬಿಟ್ಟ ಕನ್ನಡಕ. ಅಷ್ಟೇ. ಎದುರಿಗೆ ಇರುವ ಹೀರೋ ಫ್ಲ್ಯಾಶೋ ಕಣ್ಣಿಗೇ ಕಾಣದಷ್ಟು ಜೋರಾಗಿ ಓಡುವ ಆಸಾಮಿ!

ಆದರೂ ಫ್ಲ್ಯಾಶ್‌ನ ವೈರಿಗಳೆಲ್ಲ ಸೇರಿದ ‘ರೋಗ್ಸ್’ ಗ್ಯಾಂಗಿಗೆ ಇವನೇ ಯಜಮಾನ. ಮಳೆ ಗಾಳಿ ಆಡಿಸುವ ವೆದರ್ ವಿಝರ್ಡ್, ಬೆಂಕಿ ಹುಚ್ಚಿನ ಹೀಟ್ ವೇವ್, ಕನ್ನಡಿಯೊಳಗೆ ನುಗ್ಗುವ ಮಿರರ್ ಮಾಸ್ಟರ್. ಒಬ್ಬೊಬ್ಬನೂ ಒಂದೊಂದು ತಲೆನೋವು. ಇವರೆಲ್ಲ ಬರೀ ಒಂದು ಗನ್ ಹಿಡಿದ ಸ್ನಾರ್ಟ್ ಮಾತು ಕೇಳುತ್ತಾರೆ, ವಿಚಿತ್ರ ಅಲ್ವಾ?

ಅವನ ಕಟ್ಟುಪಾಡು ನನಗೆ ಜಾಸ್ತಿ ಇಷ್ಟ. ಕದಿಯಿರಿ, ಸುಮ್ನೆ ಕೊಲ್ಲಬೇಡಿ. ಡ್ರಗ್ಸ್ ಮುಟ್ಟಬೇಡಿ. ಜಗತ್ತನ್ನು ಆಳುವ ಹುಚ್ಚೂ ಇಲ್ಲ. ಬ್ಯಾಂಕ್ ದೋಚಬೇಕು, ಮನೆಗೆ ಹೋಗಬೇಕು. ಒಂಥರಾ ಡ್ಯೂಟಿ ಮುಗಿಸಿದ ಹಾಗೆ. ನಾನು ಕೆಲಸ ಮಾಡಿದ ಕೆಲವು ಟೀಮ್ ಲೀಡರ್‌ಗಳಿಗಿಂತ ವಾಸಿ ಅನ್ನಿಸುತ್ತೆ (ಹೆಸರು ಕೇಳಬೇಡಿ).

ಅಂಗಡಿಯವರು ನಾನು ನೋಡುವುದನ್ನು ನೋಡಿ ಒಂದು ಚೂರು ಐಸ್ ಕೈಗಿಟ್ಟರು. ಮನೆ ಮುಟ್ಟುವಷ್ಟರಲ್ಲಿ ಅಂಗಿ ತೋಳೆಲ್ಲ ಒದ್ದೆ.